ನೀಲಿ ಟೋಪಿಯವರಿಂದ ಏನು ಉಪಯೋಗ?

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ. ಡಿಸೆಂಬರ್ 2024)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಕದನವಿರಾಮದ ನಂತರ ಶಾಂತಿಪಾಲನಾ ಪಡೆಗಳು’ ಎಂದು ಅಚ್ಚಾಗಿರುವುದನ್ನು ನೋಡಿ ಮೂರು ನಾಲ್ಕು ಜನ ಫೋನ್ ಮಾಡಿದರು. ಬಿ.ಇ. ಓದಿ ಕಂಪ್ಯೂಟರ್ ಕೆಲಸ ಮಾಡುವವನು ಕಂಪ್ಯೂಟರ್ ಬಗ್ಗೆಯೇ ಮಾತಾಡುತ್ತಾನೆ ಎಂದುಕೊಂಡಿದ್ದರಂತೆ. ಅದನ್ನು ಹೇಳಲು ನನಗಿಂತ ಚೆನ್ನಾಗಿ ಬಲ್ಲವರು ನಾಳೆಯ ಗೋಷ್ಠಿಯಲ್ಲಿದ್ದಾರೆ. ನಾನು ಬೇರೆ ವಿಷಯ ಹಿಡಿದುಕೊಂಡು ಬಂದದ್ದಕ್ಕೆ ಕಾರಣ 1974 ಎಂಬ ಇಸವಿ.

ನಮ್ಮ ಶಾಲೆ ಶುರುವಾದದ್ದು 1974ರ ಜೂನ್ ತಿಂಗಳಲ್ಲಿ, ಆಗ ಈ ಕಟ್ಟಡವಿರಲಿಲ್ಲ, ದೇವಸ್ಥಾನದ ಪಡಸಾಲೆಯಲ್ಲಿ ಎಂಟನೇ ತರಗತಿ ನಡೆಯುತ್ತಿತ್ತು ಎಂದು ಬೆಳಿಗ್ಗೆ ಹಿರಿಯರು ಹೇಳಿದರು. ಅದೇ ವರ್ಷದ ಜುಲೈಯಲ್ಲಿ ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ಎಂಬ ದ್ವೀಪ ಎರಡಾಗಿ ಒಡೆಯಿತು. ಆಗಸ್ಟ್ 16ಕ್ಕೆ ಕದನವಿರಾಮವಾಯಿತು. ನಮ್ಮ ಶಾಲೆಗೂ ಆ ಕದನವಿರಾಮಕ್ಕೂ ಈಗ ಐವತ್ತು ವರ್ಷ. ಇಲ್ಲಿ ಐವತ್ತು ತಂಡ ಮಕ್ಕಳು ಪಾಸಾಗಿ ಹೋದರು. ಅಲ್ಲಿ ಎರಡು ಸೈನ್ಯಗಳ ಮಧ್ಯೆ ವಿಶ್ವಸಂಸ್ಥೆಯ ಸೈನಿಕರು ಇನ್ನೂ ನಿಂತೇ ಇದ್ದಾರೆ. 2019ರಲ್ಲಿ ಕಂಪನಿ ಕೆಲಸದ ಮೇಲೆ ನಾನು ಏಳು ತಿಂಗಳು ಅದರ ರಾಜಧಾನಿ ನಿಕೋಸಿಯಾದಲ್ಲಿದ್ದೆ. ಆಫೀಸಿನಿಂದ ರೂಮಿಗೆ ನಡೆದು ಬರುವಾಗ ಗೋಡೆ, ಮುಳ್ಳುತಂತಿ, ಮರಳು ತುಂಬಿದ ಡ್ರಮ್ಮುಗಳು ಕಾಣುತ್ತಿದ್ದವು. ದಿನಾ ನೋಡಿದ ಮೇಲೆ ಓದದೇ ಇರಲಾಗಲಿಲ್ಲ.

ಸೈಪ್ರಸ್ ಎಷ್ಟು ದೊಡ್ಡದು ಎಂದರೆ, ನಮ್ಮ ಹಾಸನ, ಕೊಡಗು ಎರಡು ಜಿಲ್ಲೆ ಸೇರಿದರೆ ಎಷ್ಟಾಗುತ್ತದೋ ಅದಕ್ಕಿಂತ ಸ್ವಲ್ಪ ಚಿಕ್ಕದು. 1960ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಯಿತು. ಹೆಚ್ಚಿನವರು ಗ್ರೀಕ್ ಭಾಷೆಯ ಕ್ರೈಸ್ತರು, ನೂರಕ್ಕೆ ಸುಮಾರು 18 ಜನ ತುರ್ಕಿ ಭಾಷೆಯ ಮುಸ್ಲಿಮರು. ಮೂರೇ ವರ್ಷಕ್ಕೆ ಹೊಡೆದಾಟ ಶುರುವಾಯಿತು. 1963ರ ಡಿಸೆಂಬರ್ ಕೊನೆಯಲ್ಲಿ ಬ್ರಿಟಿಷ್ ಜನರಲ್ ಒಬ್ಬರು ನಿಕೋಸಿಯಾ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಲ್ಲಿ ಗೆರೆ ಎಳೆದು ‘ಇವರು ಈ ಕಡೆ, ಅವರು ಆ ಕಡೆ’ ಎಂದರು. ಇವತ್ತಿಗೂ ಅದರ ಹೆಸರು ಗ್ರೀನ್ ಲೈನ್. ಕೈಗೆ ಸಿಕ್ಕಿದ ಪೆನ್ಸಿಲಿನ ಬಣ್ಣ ಅರವತ್ತು ವರ್ಷ ಉಳಿದುಕೊಂಡಿತು ನೋಡಿ. 1964ರ ಮಾರ್ಚ್ 4ರಂದು ಭದ್ರತಾ ಮಂಡಳಿ 186ನೇ ನಿರ್ಣಯ ಮಾಡಿ ಶಾಂತಿಪಾಲನಾ ಪಡೆಯನ್ನು ಕಳಿಸಿತು. ಮೊದಲ ಅವಧಿ ಮೂರು ತಿಂಗಳು!

ಆ ಪಡೆಯ ಮೊದಲ ದಂಡನಾಯಕರು ಭಾರತದ ಜನರಲ್ ಗ್ಯಾನಿ. ಎರಡನೆಯವರು ನಮ್ಮ ಪಕ್ಕದ ಮಡಿಕೇರಿಯವರು, ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಭಾರತದ ಸೇನಾ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾಗಿದ್ದವರನ್ನು 1964ರಲ್ಲಿ ವಿಶ್ವಸಂಸ್ಥೆ ಕರೆಸಿಕೊಂಡಿತು. 1965ರ ಡಿಸೆಂಬರ್‌ನಲ್ಲಿ ಅಲ್ಲೇ, ಕೆಲಸದಲ್ಲಿರುವಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ತಂದಿತು. ನಾನು ವಿಮಾನ ಇಳಿದ ಲಾರ್ನಕಾ ಎಂಬ ಊರಿನ ಒಂದು ದೊಡ್ಡ ರಸ್ತೆಗೆ ‘ಸ್ಟ್ರಾಟಿಗೂ ತಿಮಾಯಾ’ ಎಂದು ಹೆಸರು. ಸ್ಟ್ರಾಟಿಗೂ ಎಂದರೆ ಜನರಲ್. ಸಹೋದ್ಯೋಗಿಯೊಬ್ಬರು ‘ಇದು ನಿಮ್ಮ ದೇಶದವರ ಹೆಸರು’ ಎಂದರು. ‘ದೇಶದವರೇನು, ನಮ್ಮೂರಿಂದ ಕೊಣನೂರು, ಕುಶಾಲನಗರದ ಮೇಲೆ ಹೋದರೆ ಎರಡು ಎರಡೂವರೆ ಗಂಟೆ ದಾರಿ’ ಎಂದು ಹೇಳಿದಾಗ ಆ ಮನುಷ್ಯನಿಗೆ ಆದ ಆಶ್ಚರ್ಯಕ್ಕಿಂತ ನನಗೆ ಆದ ಹೆಮ್ಮೆ ದೊಡ್ಡದು.

ತಿಮ್ಮಯ್ಯನವರಿಗೆ ಈ ಕೆಲಸ ಹೊಸದಾಗಿರಲಿಲ್ಲ. 1953ರ ಜುಲೈ 27ರಂದು ಕೊರಿಯಾ ಯುದ್ಧ ನಿಂತಾಗ ಒಂದು ಕಗ್ಗಂಟು ಉಳಿದಿತ್ತು. ಸೆರೆ ಸಿಕ್ಕ 22,000ಕ್ಕೂ ಹೆಚ್ಚು ಚೀನಾ ಮತ್ತು ಉತ್ತರ ಕೊರಿಯಾ ಸೈನಿಕರು ‘ನಾವು ನಮ್ಮ ದೇಶಕ್ಕೆ ವಾಪಸ್ ಹೋಗುವುದಿಲ್ಲ’ ಎಂದು ಕೂತಿದ್ದರು. ಅವರ ಇಷ್ಟವನ್ನು ಕೇಳಿ ತೀರ್ಮಾನಿಸಲು ಐದು ದೇಶಗಳ ಆಯೋಗವೊಂದು ಆಯಿತು, ಅದಕ್ಕೆ ತಿಮ್ಮಯ್ಯ ಅಧ್ಯಕ್ಷರು. ಕೈದಿಗಳನ್ನು ಕಾಯಲು ಹೋದದ್ದು ಭಾರತದ ಸೈನಿಕರು. ದಕ್ಷಿಣ ಕೊರಿಯಾದ ಅಧ್ಯಕ್ಷರು ‘ಭಾರತದವರು ನನ್ನ ನೆಲದ ಮೇಲೆ ಕಾಲಿಡಕೂಡದು’ ಎಂದು ಹಟ ಹಿಡಿದರು. ಕೊನೆಗೆ ನಮ್ಮವರನ್ನು ಹಡಗಿನಿಂದಲೇ ಹೆಲಿಕಾಪ್ಟರಿನಲ್ಲಿ ಎತ್ತಿ ನಡುವಿನ ಸೇನಾರಹಿತ ವಲಯಕ್ಕೆ ಇಳಿಸಬೇಕಾಯಿತು. ಜಗಳ ಬಿಡಿಸಲು ಬಂದವನಿಗೆ ಜಗಳವಾಡುವವರು ಮಣೆ ಹಾಕಿ ಕೂರಿಸುತ್ತಾರೆ ಎಂದುಕೊಳ್ಳಬೇಡಿ.

ಈಗ ಈ ಸೈನಿಕರು ನಿಜವಾಗಿ ಏನು ಮಾಡುತ್ತಾರೆ ಎಂಬುದಕ್ಕೆ ಬರುತ್ತೇನೆ. ಹೊರಗಿನಿಂದ ನೋಡಿದರೆ ಏನೂ ಮಾಡುವುದಿಲ್ಲ. ಬಿಳಿ ಬಣ್ಣದ ಜೀಪಿನಲ್ಲಿ ಹೋಗುತ್ತಾರೆ, ಬರುತ್ತಾರೆ. ಸೈಪ್ರಸ್ಸಿನಲ್ಲಿ ಎರಡು ಸೈನ್ಯಗಳ ನಡುವಿನ ಪಟ್ಟಿ ಪೂರ್ವದಿಂದ ಪಶ್ಚಿಮಕ್ಕೆ 180 ಕಿಲೋಮೀಟರ್ ಉದ್ದ ಇದೆ. ಕೆಲವು ಕಡೆ ಅದರ ಅಗಲ ಏಳು ಕಿಲೋಮೀಟರ್. ನಿಕೋಸಿಯಾದ ಹಳೆಯ ಪೇಟೆಯಲ್ಲಿ ಕೆಲವೇ ಮೀಟರ್, ಅಂದರೆ ಈ ವೇದಿಕೆಯ ಅಗಲ. ಅಲ್ಲಿ ಒಬ್ಬರ ಮನೆಯ ಬಾಲ್ಕನಿಯಲ್ಲಿ ಒಂದು ಸೈನ್ಯ, ಎದುರು ಮನೆಯ ಬಾಲ್ಕನಿಯಲ್ಲಿ ಇನ್ನೊಂದು ಸೈನ್ಯ. ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗರು, ಕೈಯಲ್ಲಿ ಬಂದೂಕು, ಹಗಲು ರಾತ್ರಿ ಬೇಜಾರು. ಒಬ್ಬ ಬೈಯುತ್ತಾನೆ, ಇನ್ನೊಬ್ಬ ಕಲ್ಲೆಸೆಯುತ್ತಾನೆ, ಮೂರನೆಯವನು ಕುದುರೆ ಎಳೆಯುತ್ತಾನೆ. ಒಂದು ಗುಂಡು ಹಾರಿದರೆ ಎರಡು ದೇಶ ಎದ್ದು ನಿಲ್ಲುತ್ತವೆ. 1989ರಲ್ಲಿ ವಿಶ್ವಸಂಸ್ಥೆಯವರು ಎರಡೂ ಕಡೆಯವರನ್ನು ಒಪ್ಪಿಸಿ, ಅತಿ ಹತ್ತಿರವಿದ್ದ ಕೆಲವು ಠಾಣೆಗಳಿಂದ ಇಬ್ಬರ ಸೈನಿಕರನ್ನೂ ಹಿಂದಕ್ಕೆ ಕಳಿಸಿದರು. ಅಷ್ಟೇ. ಪತ್ರಿಕೆಯಲ್ಲಿ ಮುಖಪುಟದ ಸುದ್ದಿಯಾಗುವಂಥದ್ದಲ್ಲ. ಆದರೆ ಎದುರೆದುರು ಇದ್ದ ಹುಡುಗರು ಕಣ್ಣಳತೆಯಿಂದ ದೂರವಾದರು.

ಬದುವಿನ ಜಗಳ ನೋಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಣ್ಣತಮ್ಮಂದಿರ ಪಾಲು ಆದ ಮೇಲೆ ಒಬ್ಬ ಉಳುವಾಗ ಬದುವನ್ನು ಒಂದು ಗೇಣು ಒತ್ತುತ್ತಾನೆ. ಮರುವರ್ಷ ಇನ್ನೊಬ್ಬ ಎರಡು ಗೇಣು. ಆಮೇಲೆ ಕುಡುಗೋಲು. ಸರ್ವೆಯವರು ಬಂದು ಕಲ್ಲು ನೆಟ್ಟು ಹೋದ ಮೇಲೂ ಜಗಳ ನಿಲ್ಲುವುದಿಲ್ಲ, ಏಕೆಂದರೆ ರಾತ್ರಿ ಕಲ್ಲು ಕಿತ್ತಿಡುವವರಿದ್ದಾರೆ. ಆ ಬದುವಿನ ಮೇಲೆ ಇಬ್ಬರಿಗೂ ಸಂಬಂಧವಿಲ್ಲದ ಒಬ್ಬ ಮನುಷ್ಯ ಹಗಲು ರಾತ್ರಿ ಕುಳಿತಿದ್ದರೆ? ಅವನ ಕೈಯಲ್ಲಿ ದೊಣ್ಣೆಯೂ ಇಲ್ಲ ಎನ್ನಿ. ಆದರೂ ‘ಯಾರು ಮೊದಲು ಒತ್ತಿದ್ದು’ ಎಂಬ ಪ್ರಶ್ನೆಗೆ ಉತ್ತರ ಹೇಳುವ ಸಾಕ್ಷಿ ಇದೆ. ಒತ್ತದೇ ಇದ್ದವನಿಗೆ ‘ಅವನು ಒತ್ತಿಬಿಟ್ಟರೆ’ ಎಂಬ ಭಯ ಇರುವುದಿಲ್ಲ. ಅರ್ಧ ಜಗಳ ಆ ಭಯದಿಂದಲೇ ಹುಟ್ಟುವುದು. ಶಾಂತಿಪಾಲನಾ ಪಡೆಯ ಮುಖ್ಯ ಕೆಲಸ ಇದು. ಮರಳುಮೂಟೆ ಒಂದು ಹೆಚ್ಚಾದರೆ ಬರೆದುಕೊಳ್ಳುವುದು, ಎರಡೂ ಕಡೆಯ ಅಧಿಕಾರಿಗಳಿಗೆ ಫೋನ್ ಮಾಡುವುದು, ತೆಗೆಸುವುದು. ವರ್ಷಕ್ಕೆ ನೂರಾರು ಇಂಥ ದೂರು.

ಇನ್ನೂ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಊರನ್ನು ಎರಡು ಮಾಡಬಹುದು, ಚರಂಡಿಯನ್ನು ಮಾಡಲಾಗುವುದಿಲ್ಲ. ನೀರು ಇಳಿಜಾರಿನ ಕಡೆಗೇ ಹರಿಯುತ್ತದೆ. ನಿಕೋಸಿಯಾದ ಎರಡು ಕಡೆಯ ಮೇಯರ್‌ಗಳು, ಗ್ರೀಕ್ ಕಡೆಯ ಲೆಲ್ಲೋಸ್ ಡಿಮಿಟ್ರಿಯಾಡಿಸ್ ಮತ್ತು ತುರ್ಕಿ ಕಡೆಯ ಮುಸ್ತಫಾ ಅಕಿಂಜಿ, 1970ರ ದಶಕದ ಕೊನೆಯಲ್ಲಿ ಕುಳಿತು ಮಾತಾಡಿ ಇಡೀ ನಗರಕ್ಕೆ ಒಂದೇ ಒಳಚರಂಡಿ ವ್ಯವಸ್ಥೆ ಮಾಡಿಕೊಂಡರು. ವಿಶ್ವಸಂಸ್ಥೆಯ ನೆರವಿತ್ತು. ದೇಶದ ನಾಯಕರು ಒಬ್ಬರ ಮುಖ ಒಬ್ಬರು ನೋಡದ ಕಾಲದಲ್ಲಿ ಎರಡು ಊರಿನ ಕೊಳಚೆ ಒಂದೇ ಕಡೆ ಸೇರುತ್ತಿತ್ತು. ಮಧ್ಯೆ ಗುಂಡು ಹಾರುತ್ತಿದ್ದರೆ ಯಾವ ಇಂಜಿನಿಯರ್ ಪೈಪ್ ಹಾಕಲು ಬರುತ್ತಿದ್ದ?

ಇಷ್ಟು ಕೇಳಿ ‘ಹಾಗಾದರೆ ಇವರು ಬಹಳ ಉಪಯುಕ್ತರು’ ಎಂದು ತೀರ್ಮಾನಿಸಬೇಡಿ. ಸೈಪ್ರಸ್ಸಿಗೆ ಇವರು ಬಂದದ್ದು 1964ರಲ್ಲಿ. ದ್ವೀಪ ಒಡೆದದ್ದು 1974ರಲ್ಲಿ. ಹತ್ತು ವರ್ಷ ಇವರು ಅಲ್ಲೇ ಇದ್ದರು! 1974ರ ಜುಲೈ 15ರಂದು ಗ್ರೀಸ್‌ನ ಸೇನಾ ಸರ್ಕಾರದ ಬೆಂಬಲದಿಂದ ಕ್ಷಿಪ್ರಕ್ರಾಂತಿ ಆಯಿತು. 20ರಂದು ಟರ್ಕಿಯ ಸೈನ್ಯ ಬಂದಿಳಿಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕ್ ಸೈಪ್ರಿಯಟ್ಟರು ಮನೆ ಬಿಟ್ಟು ದಕ್ಷಿಣಕ್ಕೆ ಓಡಿದರು, 40,000ಕ್ಕೂ ಹೆಚ್ಚು ತುರ್ಕಿ ಸೈಪ್ರಿಯಟ್ಟರು ಉತ್ತರಕ್ಕೆ ಹೋದರು. 1963ರಿಂದ ಲೆಕ್ಕ ಹಿಡಿದರೆ ಎರಡೂ ಕಡೆ ಸೇರಿ 2,002 ಜನ ಕಾಣೆಯಾದವರ ಪಟ್ಟಿಯಲ್ಲಿದ್ದಾರೆ. ಇವತ್ತಿಗೂ ಮಣ್ಣು ಅಗೆದು ಮೂಳೆ ಹುಡುಕಿ, ಪರೀಕ್ಷೆ ಮಾಡಿ ಮನೆಯವರಿಗೆ ಒಪ್ಪಿಸುತ್ತಿದ್ದಾರೆ. ಶಾಂತಿಪಾಲಕರು ಇದನ್ನು ತಡೆಯಲಿಲ್ಲ, ತಡೆಯುವ ಶಕ್ತಿ ಅವರಿಗಿರಲೂ ಇಲ್ಲ. ಆ ವಾರ ಅವರು ಉಳಿಸಿಕೊಂಡದ್ದು ನಿಕೋಸಿಯಾ ವಿಮಾನ ನಿಲ್ದಾಣವನ್ನು. ಆಗಿನ ದಂಡನಾಯಕರೂ ಭಾರತದವರೇ, ಜನರಲ್ ಪ್ರೇಮ್ ಚಂದ್. ‘ಇದು ಈಗ ವಿಶ್ವಸಂಸ್ಥೆಯ ವಶದಲ್ಲಿದೆ’ ಎಂದು ಘೋಷಿಸಿ ನಿಂತರು, ಟರ್ಕಿಯವರು ಒಳಗೆ ಬರಲಿಲ್ಲ. ಅಲ್ಲಿಂದ ಈಚೆಗೆ ಆ ನಿಲ್ದಾಣದಿಂದ ಪ್ರಯಾಣಿಕರ ವಿಮಾನ ಹಾರಿಲ್ಲ. ರನ್‌ವೇ ಪಕ್ಕದಲ್ಲಿ ಹಳೆಯ ವಿಮಾನವೊಂದು ರೆಕ್ಕೆ ಸಮೇತ ಕೊಳೆಯುತ್ತಾ ನಿಂತಿದೆ. ಅದಕ್ಕೇ ನಾನು ಲಾರ್ನಕಾದಲ್ಲಿ ಇಳಿಯಬೇಕಾದದ್ದು.

ನನ್ನ ಸಹೋದ್ಯೋಗಿಯ ತಂದೆ ಉತ್ತರದ ಮೋರ್ಫೂ ಕಡೆಯವರು. ಕಿತ್ತಳೆ ತೋಟವಿತ್ತಂತೆ. ನೀಲಿ ಟೋಪಿಯವರ ಮಾತೆತ್ತಿದರೆ ಅವರಿಗೆ ಸಿಟ್ಟು. ‘ನನ್ನ ತೋಟ ಕಳ್ಳತನವಾಯಿತು. ಇವರು ಬಂದು ಕಳ್ಳ ಹಾಕಿದ ಬೇಲಿಯನ್ನು ಐವತ್ತು ವರ್ಷದಿಂದ ಕಾಯುತ್ತಿದ್ದಾರೆ’ ಎನ್ನುತ್ತಿದ್ದರು. ಮತ್ತೊಂದು ಭಾನುವಾರ ನಾನು ಲೆಡ್ರಾ ಬೀದಿಯ ಗೇಟಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಉತ್ತರಕ್ಕೆ ದಾಟಿ, ಮುದುಕರೊಬ್ಬರ ಅಂಗಡಿಯಲ್ಲಿ ಕಾಫಿ ಕುಡಿದೆ. (ದಕ್ಷಿಣದಲ್ಲಿ ಗ್ರೀಕ್ ಕಾಫಿ, ಉತ್ತರದಲ್ಲಿ ಟರ್ಕಿಷ್ ಕಾಫಿ, ಕುಡಿದರೆ ಎರಡೂ ಒಂದೇ. ಕಾಫಿ ಸೀಮೆಯವನ ಮಾತು, ನಂಬಬಹುದು.) ಅವರು ಹೇಳಿದ್ದು ಬೇರೆ. 1964ರಲ್ಲಿ ಅವರ ಕೇರಿಯನ್ನು ಸುತ್ತುವರಿದಿದ್ದಾಗ ಹಿಟ್ಟಿನ ಲಾರಿಯ ಮುಂದೆ ಒಂದು, ಹಿಂದೆ ಒಂದು ವಿಶ್ವಸಂಸ್ಥೆಯ ಜೀಪು ಬರುತ್ತಿತ್ತಂತೆ. ‘ಅವರು ಇಲ್ಲದಿದ್ದರೆ ನನ್ನ ತಾಯಿ ರೊಟ್ಟಿ ಸುಡುತ್ತಿರಲಿಲ್ಲ’ ಎಂದರು. ಇಬ್ಬರು ಮುದುಕರ ನಡುವೆ ಅರ್ಧ ಗಂಟೆ ನಡಿಗೆಯ ದೂರ. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ.

ತೋಟ ಕಳೆದುಕೊಂಡವರ ಮಾತಿನಲ್ಲಿ ಒಂದು ಗಟ್ಟಿ ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಕದನವಿರಾಮ ಚೆನ್ನಾಗಿ ನಡೆದರೆ ಒಪ್ಪಂದ ಮಾಡಿಕೊಳ್ಳುವ ಅವಸರ ಯಾರಿಗೂ ಇರುವುದಿಲ್ಲ. ನೋವು ಇದ್ದರೆ ತಾನೇ ಮದ್ದು ಹುಡುಕುವುದು? 2004ರ ಏಪ್ರಿಲ್‌ನಲ್ಲಿ ಎರಡೂ ಕಡೆ ಜನಮತ ನಡೆಯಿತು. ದೇಶ ಒಂದಾಗುವ ಯೋಜನೆಗೆ ತುರ್ಕಿ ಸೈಪ್ರಿಯಟ್ಟರಲ್ಲಿ ಶೇ. 65 ಜನ ಒಪ್ಪಿದರು, ಗ್ರೀಕ್ ಸೈಪ್ರಿಯಟ್ಟರಲ್ಲಿ ಶೇ. 76 ಜನ ಬೇಡ ಎಂದರು. ಅಲ್ಲಿಗೆ ನಿಂತಿತು. ಮೂರು ತಿಂಗಳಿಗೆಂದು ಬಂದ ಪಡೆ ಅರವತ್ತು ವರ್ಷ ದಾಟಿದೆ. ಲೆಬನಾನಿನ ಕಥೆ ಇನ್ನೂ ವಿಚಿತ್ರ. 1978ರಲ್ಲಿ ಹೋದ ಆ ಪಡೆಯ ಹೆಸರಿನಲ್ಲೇ ‘ತಾತ್ಕಾಲಿಕ’ ಎಂಬ ಪದವಿದೆ. 2024ರ ಅಕ್ಟೋಬರಿನಲ್ಲಿ ಅವರ ಠಾಣೆಗಳ ಮೇಲೇ ಗುಂಡು ಬಿದ್ದು ಶಾಂತಿಪಾಲಕರು ಗಾಯಗೊಂಡರು. ಆಗ ಭಾರತದ ಸೈನಿಕರೂ ಅಲ್ಲಿದ್ದರು.

ಆದರೂ ನನ್ನ ಅಭಿಪ್ರಾಯ ಅಂಗಡಿಯ ಮುದುಕರ ಕಡೆಗೇ ವಾಲುತ್ತದೆ. ಒಪ್ಪಂದ ಮಾಡಿಸುವುದು ಸೈನಿಕನ ಕೆಲಸವಲ್ಲ, ಅದು ನಾಯಕರದ್ದು. ಸೈನಿಕ ಕೊಡುವುದು ಸಮಯ. ಆ ಸಮಯವನ್ನು ನಾಯಕರು ಹಾಳು ಮಾಡಿದರೆ ಕಾವಲುಗಾರನನ್ನು ಬೈದು ಫಲವಿಲ್ಲ. ಐವತ್ತು ವರ್ಷದಲ್ಲಿ ಸೈಪ್ರಸ್ಸಿನಲ್ಲಿ ಎರಡು ತಲೆಮಾರು ಯುದ್ಧ ನೋಡದೆ ಬೆಳೆಯಿತು. ನನ್ನ ಜೊತೆ ಕೂತು ಕೋಡ್ ಬರೆಯುತ್ತಿದ್ದವರು ಆ ತಲೆಮಾರಿನವರೇ. 1974ರ ಮತ್ತೊಂದು ಸುತ್ತು ನಡೆದಿದ್ದರೆ ಅವರಲ್ಲಿ ಎಷ್ಟು ಜನ ಆ ಕುರ್ಚಿಯಲ್ಲಿ ಇರುತ್ತಿದ್ದರೋ.

ಇನ್ನು ಇವರು ಸಂಪೂರ್ಣ ಸೋತ ಕಡೆಗಳು. ರುವಾಂಡಾದಲ್ಲಿ 1993ರಲ್ಲಿ ಒಪ್ಪಂದವಾಗಿ, ಸುಮಾರು 2,500 ಜನರ ಪಡೆ ಹೋಗಿತ್ತು. 1994ರ ಏಪ್ರಿಲ್‌ನಲ್ಲಿ ನರಮೇಧ ಶುರುವಾಯಿತು. ಮೊದಲ ದಿನವೇ ಬೆಲ್ಜಿಯಂನ ಹತ್ತು ಶಾಂತಿಪಾಲಕರನ್ನು ಕೊಂದರು. ಕೊಂದವರಿಗೆ ಗೊತ್ತಿತ್ತು, ಇಷ್ಟು ಮಾಡಿದರೆ ಇವರು ಹೊರಡುತ್ತಾರೆ ಎಂದು. ಹಾಗೇ ಆಯಿತು. ಬೆಲ್ಜಿಯಂ ವಾಪಸ್ ಕರೆಸಿಕೊಂಡಿತು. ಹೆಚ್ಚು ಸೈನಿಕರನ್ನು ಕಳಿಸಬೇಕಾದ ಹೊತ್ತಿನಲ್ಲಿ ಭದ್ರತಾ ಮಂಡಳಿ ಪಡೆಯನ್ನು 270 ಜನಕ್ಕೆ ಇಳಿಸಲು ತೀರ್ಮಾನಿಸಿತು. ನೂರು ದಿನದಲ್ಲಿ ಸುಮಾರು 8 ಲಕ್ಷ ಜನ ಸತ್ತರು. ಮರುವರ್ಷ ಬೋಸ್ನಿಯಾದ ಸ್ರೆಬ್ರೆನಿಟ್ಸಾದಲ್ಲಿ, ವಿಶ್ವಸಂಸ್ಥೆಯೇ ‘ಸುರಕ್ಷಿತ ಪ್ರದೇಶ’ ಎಂದು ಘೋಷಿಸಿದ್ದ ಊರಿನಲ್ಲಿ, ಡಚ್ ಶಾಂತಿಪಾಲಕರ ಕಣ್ಣೆದುರಿಗೇ ಗಂಡಸರನ್ನು, ಹುಡುಗರನ್ನು ಬೇರ್ಪಡಿಸಿ ಒಯ್ದರು. 8,000ಕ್ಕೂ ಹೆಚ್ಚು ಜನರನ್ನು ಕೊಂದರು. ‘ಸುರಕ್ಷಿತ’ ಎಂಬ ಬೋರ್ಡ್ ಹಾಕಿ ಕಾಪಾಡದೇ ಹೋಗುವುದು, ಬೋರ್ಡನ್ನೇ ಹಾಕದಿರುವುದಕ್ಕಿಂತ ಕೆಟ್ಟದ್ದು. ನಂಬಿ ಬಂದವರು ಒಂದೇ ಕಡೆ ಸಿಕ್ಕಿಬಿದ್ದರು.

ಈಜಿಪ್ಟಿನಲ್ಲಿ ನಡೆದದ್ದು ಇನ್ನೊಂದು ಬಗೆ. 1956ರ ಸೂಯೆಜ್ ಯುದ್ಧದ ನಂತರ ಗಾಜಾ ಮತ್ತು ಸಿನಾಯಿಯಲ್ಲಿ ನಿಂತ ಪಡೆ ಹತ್ತು ವರ್ಷ ಗಡಿಯನ್ನು ತಣ್ಣಗಿಟ್ಟಿತು. ಭಾರತದ ಸೈನಿಕರು ಅದರಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಇಸ್ರೇಲ್ ತನ್ನ ನೆಲದಲ್ಲಿ ಪಡೆ ನಿಲ್ಲಲು ಒಪ್ಪಿರಲಿಲ್ಲ, ಆದ್ದರಿಂದ ಎಲ್ಲರೂ ಈಜಿಪ್ಟಿನ ಕಡೆಯೇ ಇದ್ದರು. 1967ರ ಮೇ ತಿಂಗಳಲ್ಲಿ ಅಧ್ಯಕ್ಷ ನಾಸರ್ ‘ಹೊರಡಿ’ ಎಂದರು. ಮನೆಯ ಯಜಮಾನನೇ ಹೊರಡು ಎಂದ ಮೇಲೆ ಅತಿಥಿ ನಿಲ್ಲುವಂತಿಲ್ಲ. ಜೂನ್ 5ಕ್ಕೆ ಯುದ್ಧ. ಇನ್ನೂ ಹೊರಡದೆ ಉಳಿದಿದ್ದ ನಮ್ಮ ಸೈನಿಕರಲ್ಲಿ ಕೆಲವರು ಇಬ್ಬರ ನಡುವೆ ಸಿಕ್ಕಿ ಸತ್ತರು.

ಇಲ್ಲಿ ಕುಳಿತಿರುವ ನಿವೃತ್ತ ಯೋಧರ ಮನಸ್ಸಿನಲ್ಲಿ ಶ್ರೀಲಂಕಾ ಇದೆ ಎಂದು ನನಗೆ ಗೊತ್ತು. ಅದು ವಿಶ್ವಸಂಸ್ಥೆಯ ಪಡೆಯಲ್ಲ, ಭಾರತವೇ ಕಳಿಸಿದ್ದು. ಹೆಸರು ಮಾತ್ರ ‘ಶಾಂತಿಪಾಲನಾ ಪಡೆ’. 1987ರ ಜುಲೈ 29ರ ಒಪ್ಪಂದಕ್ಕೆ ಸಹಿ ಹಾಕಿದ್ದು ಭಾರತ ಮತ್ತು ಶ್ರೀಲಂಕಾ ಸರ್ಕಾರಗಳು. ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಅದಕ್ಕೆ ಸಹಿ ಹಾಕಿರಲಿಲ್ಲ, ಮನಸ್ಸಿನಿಂದ ಒಪ್ಪಿರಲೂ ಇಲ್ಲ. ಮೂರು ತಿಂಗಳು ತುಂಬುವ ಮೊದಲೇ ಶಾಂತಿ ಕಾಯಲು ಹೋದವರು ಯುದ್ಧ ಮಾಡುತ್ತಿದ್ದರು. 1990ರ ಮಾರ್ಚ್‌ನಲ್ಲಿ ವಾಪಸಾಗುವ ಹೊತ್ತಿಗೆ 1,100ಕ್ಕೂ ಹೆಚ್ಚು ಭಾರತೀಯ ಸೈನಿಕರು ಪ್ರಾಣ ಬಿಟ್ಟಿದ್ದರು. ಪ್ರಾಮಾಣಿಕವಾಗಿ ಹೇಳುವುದಾದರೆ ಅಲ್ಲಿನ ತಮಿಳರಿಗೂ ಆ ಮೂರು ವರ್ಷ ಶಾಂತಿಯ ವರ್ಷಗಳಾಗಿರಲಿಲ್ಲ. ಸೈಪ್ರಸ್ಸಿನ ಪಡೆಗೂ ಇದಕ್ಕೂ ಇರುವ ವ್ಯತ್ಯಾಸ ಶೌರ್ಯದ್ದಲ್ಲ, ಶಿಸ್ತಿನದ್ದಲ್ಲ. ಅಲ್ಲಿ ಎರಡೂ ಕಡೆಯವರಿಗೆ ಯುದ್ಧ ಸಾಕಾಗಿತ್ತು. ಇಲ್ಲಿ ಒಬ್ಬರಿಗೆ ಸಾಕಾಗಿರಲಿಲ್ಲ.

ಲೆಕ್ಕಕ್ಕೆ ಬರೋಣ, ನಾನು ಇಂಜಿನಿಯರ್ ತಾನೇ. ಗೆದ್ದ ಕಡೆ ಸೋತ ಕಡೆ ಪಕ್ಕಪಕ್ಕ ಬರೆದು ಕೂಡಿ ಕಳೆದರೆ ಉತ್ತರ ಸಿಗುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಿಂತ ಜಿಲ್ಲಾ ಆಸ್ಪತ್ರೆಯಲ್ಲಿ ಸಾಯುವವರು ಹೆಚ್ಚು. ಹಾಗೆಂದು ಜಿಲ್ಲಾ ಆಸ್ಪತ್ರೆಗೆ ಹೋಗಬಾರದು ಎನ್ನುತ್ತೇವೆಯೇ? ಕೈ ಮೀರಿದ ಕಾಯಿಲೆಯವರನ್ನೇ ಅಲ್ಲಿಗೆ ಕಳಿಸುತ್ತಾರೆ. ಶಾಂತಿಪಾಲಕರನ್ನು ಕಳಿಸುವುದೂ ಹಾಗೆಯೇ, ತಾನಾಗಿ ನಿಲ್ಲುವ ಜಗಳಕ್ಕೆ ಯಾರೂ ಅವರನ್ನು ಕರೆಯುವುದಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ವರ್ಜೀನಿಯಾ ಪೇಜ್ ಫೋರ್ಟ್ನಾ ಎಂಬ ವಿದ್ವಾಂಸೆ ಈ ವ್ಯತ್ಯಾಸವನ್ನು ಗಣನೆಗೆ ತೆಗೆದುಕೊಂಡು, ಶೀತಲ ಸಮರದ ನಂತರದ ಅಂತರ್ಯುದ್ಧಗಳನ್ನು ಹೋಲಿಸಿ 2008ರಲ್ಲಿ ಪುಸ್ತಕ ಪ್ರಕಟಿಸಿದರು. ಶಾಂತಿಪಾಲಕರು ಇದ್ದ ಕಡೆ ಯುದ್ಧ ಮರುಕಳಿಸುವ ಅಪಾಯ ಅರ್ಧಕ್ಕಿಂತಲೂ ಹೆಚ್ಚು ಇಳಿಯುತ್ತದೆ ಎಂಬುದು ಅವರು ಕಂಡುಕೊಂಡದ್ದು. ನನ್ನ ವೃತ್ತಿಯಲ್ಲಿ ರಾತ್ರಿ ಪಾಳಿಯಲ್ಲಿ ಸರ್ವರ್ ಕಾಯುವವರಿರುತ್ತಾರೆ. ಏನೂ ಆಗದಿದ್ದರೆ ಅವರ ಸಂಬಳ ದಂಡ ಎಂದು ಮ್ಯಾನೇಜರ್‌ಗಳಿಗೆ ಅನ್ನಿಸುತ್ತದೆ. ಅವರನ್ನು ತೆಗೆದ ತಿಂಗಳು ಗೊತ್ತಾಗುತ್ತದೆ.

ಖರ್ಚಿನ ವಿಷಯ ಕೇಳುವವರಿಗೆ: ಇಡೀ ಜಗತ್ತಿನ ಶಾಂತಿಪಾಲನೆಗೆ ವಿಶ್ವಸಂಸ್ಥೆ ವರ್ಷಕ್ಕೆ ಮಾಡುವ ಖರ್ಚು ಐದಾರು ಬಿಲಿಯನ್ ಡಾಲರ್. ಜಗತ್ತಿನ ದೇಶಗಳು ತಮ್ಮ ತಮ್ಮ ಸೈನ್ಯಕ್ಕೆ ಹಾಕುವ ಹಣದಲ್ಲಿ ಇದು ಶೇಕಡಾ ಅರ್ಧಕ್ಕಿಂತ ಕಡಿಮೆ. ಸೈಪ್ರಸ್ ಪಡೆಯ ಖರ್ಚಿನಲ್ಲಿ ಮೂರನೇ ಒಂದು ಭಾಗವನ್ನು ಸೈಪ್ರಸ್ ಸರ್ಕಾರವೇ ಕೊಡುತ್ತದೆ.

ಇವರೆಲ್ಲ ದೇವತೆಗಳಲ್ಲ. 2010ರಲ್ಲಿ ಹೈಟಿಗೆ ಹೋದ ಶಾಂತಿಪಾಲಕರ ಶಿಬಿರದ ಕೊಳಚೆ ನದಿಗೆ ಸೇರಿ ಕಾಲರಾ ಹಬ್ಬಿತು. ಸುಮಾರು 10,000 ಜನ ಸತ್ತರು. ವಿಶ್ವಸಂಸ್ಥೆ ಕ್ಷಮೆ ಕೇಳಿದ್ದು 2016ರಲ್ಲಿ. ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ನಡೆಸಿದ ಪ್ರಕರಣಗಳೂ ಹಲವು ದೇಶಗಳಲ್ಲಿ ನಡೆದಿವೆ. ಕಾಯಲು ಬಂದವನ ತಪ್ಪಿಗೆ ಕ್ಷಮೆ ಕಡಿಮೆ ಇರಬೇಕು. ಇದಕ್ಕೆ ಎದುರಾಗಿ ಒಂದು ಒಳ್ಳೆಯ ಸುದ್ದಿಯೂ ಇದೆ: 2007ರಲ್ಲಿ ಭಾರತ ಲೈಬೀರಿಯಾಕ್ಕೆ ಕಳಿಸಿದ ನೂರಕ್ಕೂ ಹೆಚ್ಚು ಮಹಿಳಾ ಪೊಲೀಸರ ತುಕಡಿ. ಜಗತ್ತಿನಲ್ಲೇ ಮೊದಲ ಬಾರಿಗೆ ಎಲ್ಲರೂ ಮಹಿಳೆಯರೇ ಇದ್ದ ತುಕಡಿ ಅದು. ಹಿಂದಿನ ಸಾಲಿನಲ್ಲಿ ಕುಳಿತ ಹೆಣ್ಣುಮಕ್ಕಳು ಇದನ್ನು ಕೇಳಿಸಿಕೊಳ್ಳಲಿ.

ನಮ್ಮ ಮನೆಯ ವಿಷಯವನ್ನೂ ಹೇಳದೆ ಹೋಗಬಾರದು. ವಿಶ್ವಸಂಸ್ಥೆಯ ಹಳೆಯ ವೀಕ್ಷಕ ತಂಡಗಳಲ್ಲಿ ಒಂದು ಕಾಶ್ಮೀರದಲ್ಲಿದೆ, 1949ರಿಂದ. 1972ರ ಶಿಮ್ಲಾ ಒಪ್ಪಂದದ ಮೇಲೆ ಅದರ ಕೆಲಸ ಮುಗಿಯಿತು ಎಂಬುದು ಭಾರತದ ನಿಲುವು, ಪಾಕಿಸ್ತಾನ ಒಪ್ಪುವುದಿಲ್ಲ. ಲೋಕದ ಜಗಳಕ್ಕೆಲ್ಲ ಸೈನಿಕರನ್ನು ಕಳಿಸುವ ನಾವು ನಮ್ಮ ಬದುವಿನ ಮೇಲೆ ಬೇರೆಯವರು ಕೂರುವುದನ್ನು ಇಷ್ಟಪಡುವುದಿಲ್ಲ. ಅದಕ್ಕೆ ನಮ್ಮದೇ ಕಾರಣಗಳಿವೆ, ತಪ್ಪು ಎನ್ನುತ್ತಿಲ್ಲ. ಆದರೆ ಬೇರೆ ದೇಶದವರು ನಮ್ಮವರನ್ನು ಅನುಮಾನದಿಂದ ನೋಡಿದಾಗ ಅವರ ಮನಸ್ಸು ನಮಗೆ ಅರ್ಥವಾಗಬೇಕು.

ಈ ಭಾಷಣಕ್ಕೆ ಇನ್ನೊಂದು ಕಾರಣವೂ ಇದೆ. ನನ್ನ ಜೊತೆ 2005ರಲ್ಲಿ ಎಸ್‌ಎಸ್‌ಎಲ್‌ಸಿ ಬರೆದ ಗೆಳೆಯನೊಬ್ಬ ಈಗ ಹವಾಲ್ದಾರ್. ಹೆಸರು ಹೇಳಬೇಡ ಎಂದಿದ್ದಾನೆ. ಇವತ್ತು ಅವನು ಇಲ್ಲಿಲ್ಲ, ನೀಲಿ ಟೋಪಿ ಹಾಕಿಕೊಂಡು ದಕ್ಷಿಣ ಸುಡಾನಿನಲ್ಲಿದ್ದಾನೆ. ಗೌರಿ ಹಬ್ಬಕ್ಕೆ ಊರಿಗೆ ಬಂದಾಗ ಅವನ ತಾಯಿ ನನ್ನನ್ನು ಜಗಲಿ ಮೇಲೆ ಕೂರಿಸಿಕೊಂಡು ಕೇಳಿದರು: ‘ಅಲ್ಲ ಕಣಪ್ಪ, ನಮ್ ಗಡಿ ಕಾಯಕೆ ಅಂತ ಸೇರುಸ್ಕಂಡು, ಇನ್ಯಾರ್ದೋ ಜಗಳ ಬಿಡ್ಸಕೆ ಕಳ್ಸವ್ರಲ್ಲ. ಅದ್ರಿಂದ ಯಾರ್ಗೇನ್ ಸಿಕ್ತದೆ?’ ಇದು ವಿಶ್ವವಿದ್ಯಾಲಯಗಳಲ್ಲಿ ಕೇಳುವ ಪ್ರಶ್ನೆಗಿಂತ ನೇರವಾದ ಪ್ರಶ್ನೆ. ಭಾರತ ಇಲ್ಲಿಯವರೆಗೆ 2,50,000ಕ್ಕೂ ಹೆಚ್ಚು ಜನರನ್ನು ಇಂಥ ಕೆಲಸಕ್ಕೆ ಕಳಿಸಿದೆ. ಸುಮಾರು 180 ಜನ ವಾಪಸ್ ಬರಲಿಲ್ಲ. ಬೇರೆ ಯಾವ ದೇಶವೂ ಇಷ್ಟು ಜನರನ್ನು ಕಳೆದುಕೊಂಡಿಲ್ಲ.

ನಾನು ಆ ಅಮ್ಮನಿಗೆ ಹೇಳಿದ್ದು ಇಷ್ಟು. ‘ಅಲ್ಲಿ 2013ರ ಡಿಸೆಂಬರ್‌ನಲ್ಲಿ ಅಂತರ್ಯುದ್ಧ ಹತ್ತಿಕೊಂಡಾಗ ಪ್ರಾಣಭಯದಿಂದ ಓಡಿಬಂದ ಜನ ವಿಶ್ವಸಂಸ್ಥೆಯ ಶಿಬಿರಗಳ ಬಾಗಿಲು ಬಡಿದರಂತೆ ಅಮ್ಮಾ. ಸೈನಿಕರು ಬಾಗಿಲು ತೆಗೆದರು. ಹಾಗೆ ಒಳಗೆ ಬಂದು ಬದುಕಿಕೊಂಡವರು ಮುಂದೆ ಎರಡು ಲಕ್ಷ ದಾಟಿದರು. ಅಕೋಬೊ ಎಂಬ ಊರಿನ ಶಿಬಿರದಲ್ಲಿ ನಮ್ಮ ಸೈನಿಕರು ಬೆರಳೆಣಿಕೆಯಷ್ಟು, ಮುತ್ತಿಗೆ ಹಾಕಿದವರು ಸಾವಿರಾರು. ಒಳಗಿದ್ದವರನ್ನು ಬಿಟ್ಟುಕೊಡದೆ ನಮ್ಮ ಇಬ್ಬರು ಸತ್ತರು.’ 2018ರಲ್ಲಿ ಅಲ್ಲಿ ಮತ್ತೆ ಒಪ್ಪಂದವಾಗಿದೆ. 2024ರ ಡಿಸೆಂಬರ್‌ನಲ್ಲಿ ನಡೆಯಬೇಕಿದ್ದ ಚುನಾವಣೆಯನ್ನು ಎರಡು ವರ್ಷ ಮುಂದಕ್ಕೆ ಹಾಕಿದರು. ಪೂರ್ತಿ ಶಾಂತಿ ಎನ್ನಲಾಗದು, ಪೂರ್ತಿ ಯುದ್ಧವೂ ಅಲ್ಲ. ಆ ನಡುವಿನ ಜಾಗದಲ್ಲಿ ನಮ್ಮ ಗೆಳೆಯ ನಿಂತಿದ್ದಾನೆ.

ಅಮ್ಮ ಎಲ್ಲ ಕೇಳಿಸಿಕೊಂಡು, ‘ಸರಿ, ಆ ಜನ ಉಳ್ಕಂಡ್ರಲ್ಲ. ಆದ್ರೂ ನನ್ ಮಗ ಬರೋಗಂಟ ನಂಗೆ ನಿದ್ದೆ ಇಲ್ಲ’ ಎಂದರು. ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ, ಭದ್ರತಾ ಮಂಡಳಿಯಲ್ಲಿ ಕೈ ಎತ್ತುವವರಲ್ಲೂ ಇರಲಾರದು. ಸೈನಿಕರನ್ನು ಕಳಿಸುವ ತೀರ್ಮಾನ ಮಾಡುವ ದೊಡ್ಡ ದೇಶಗಳು ಹಣ ಕೊಡುತ್ತವೆ. ಹೋಗಿ ಬಿಸಿಲಲ್ಲಿ ನಿಲ್ಲುವವರಲ್ಲಿ ಹೆಚ್ಚಿನವರು ಭಾರತ, ಬಾಂಗ್ಲಾದೇಶ, ನೇಪಾಳ, ರುವಾಂಡಾದಂಥ ದೇಶಗಳ ಹಳ್ಳಿ ಮಕ್ಕಳು. ಹೌದು, ರುವಾಂಡಾ. ತಮ್ಮನ್ನು ಬಿಟ್ಟುಹೋದದ್ದನ್ನು ನೋಡಿದ ದೇಶ ಇವತ್ತು ಅತಿ ಹೆಚ್ಚು ಶಾಂತಿಪಾಲಕರನ್ನು ಕಳಿಸುವ ದೇಶಗಳಲ್ಲಿ ಒಂದು. ಪಡೆಗೆ ಏನು ಅಧಿಕಾರ ಕೊಡಬೇಕು, ಯಾವಾಗ ಗುಂಡು ಹಾರಿಸಬಹುದು ಎಂದು ತೀರ್ಮಾನಿಸುವ ಮೇಜಿನ ಸುತ್ತ ಸೈನಿಕರನ್ನು ಕಳಿಸುವವರಿಗೆ ಇನ್ನೂ ಹೆಚ್ಚಿನ ಮಾತು ಇರಬೇಕು ಎಂದು ಭಾರತ ಬಹಳ ಕಾಲದಿಂದ ಕೇಳುತ್ತಿದೆ. ಈ ವಿಷಯದಲ್ಲಿ ನಮ್ಮ ಸರ್ಕಾರ ಹೇಳುವುದು ಸರಿ ಎಂದು ನನಗನ್ನಿಸುತ್ತದೆ.

ಸೈಪ್ರಸ್ ಪಡೆಯ ಪ್ರತಿ ಅವಧಿಗೂ ಒಂದು ಕೊನೆಯ ದಿನವಿದೆ. ಅದಕ್ಕೆ ಮೊದಲು ನ್ಯೂಯಾರ್ಕಿನಲ್ಲಿ ಮತ್ತೆ ಸಭೆ ಸೇರಿ ಮುಂದಿನ ಅವಧಿ ತೀರ್ಮಾನಿಸಬೇಕು. ಮಕ್ಕಳು ಪತ್ರಿಕೆಯ ಒಳಪುಟ ನೋಡುತ್ತಿರಿ, ಮೂಲೆಯಲ್ಲಿ ನಾಲ್ಕು ಸಾಲು ಬಂದರೆ ಕತ್ತರಿಸಿ ಸಮಾಜ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.

ಕೊನೆಗೆ ಒಂದು ಪ್ರಕಟಣೆ. ಮಡಿಕೇರಿಯ ‘ಸನ್ನಿ ಸೈಡ್’, ಅಂದರೆ ಜನರಲ್ ತಿಮ್ಮಯ್ಯನವರ ಮನೆ, 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಈ ವರ್ಷದ ಒಂಬತ್ತನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿಬರಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಬಸ್ಸು ಮತ್ತು ಊಟದ ಖರ್ಚು ನಮ್ಮ 2005ರ ಬ್ಯಾಚಿನದು. ದಕ್ಷಿಣ ಸುಡಾನಿನಿಂದ ಗೆಳೆಯನೂ ತನ್ನ ಪಾಲು ಕಳಿಸಿದ್ದಾನೆ. ತಾರೀಖನ್ನು ಸಂಕ್ರಾಂತಿ ಕಳೆದ ಮೇಲೆ ನೋಟೀಸ್ ಬೋರ್ಡಿನಲ್ಲಿ ಹಾಕುತ್ತಾರೆ.

ಪ್ರಶ್ನೆಗಳಿದ್ದರೆ ಊಟದ ಪಂಕ್ತಿಯಲ್ಲಿ ಸಿಗುತ್ತೇನೆ.